ನಡುವಿನ ಗುಂಡು

ನಾಣಯ್ಯ ಮೇಷ್ಟ್ರು ನಿನ್ನೆ ಮತ್ತೆ ಬಂದಿದ್ದರು. ನಮ್ಮ ಕೊಡಗು ಇನ್ನು ಬೇರೆ ರಾಜ್ಯವಾಗಿ ಉಳಿಯುವುದಿಲ್ಲ, ಮೈಸೂರಿಗೆ ಸೇರುತ್ತದೆ ಎಂದು ಮೂರ್ನಾಡು ಪೇಟೆಯಲ್ಲೆಲ್ಲ ಅದೇ ಮಾತು. ಸೇರುವುದು ಸರಿಯೋ ತಪ್ಪೋ ಎಂದು ವಾಚನಾಲಯದಲ್ಲಿ ಚರ್ಚೆ ಇಟ್ಟುಕೊಂಡಿದ್ದಾರಂತೆ. "ನೀವು ಯಾವ ಪಕ್ಷ ಬೇಕಾದರೂ ಹಿಡಿಯಿರಿ ಮೊಣ್ಣಪ್ಪ, ನಿಮ್ಮ ಬಾಯಿ ಇಲ್ಲದೆ ಸಭೆಗೆ ಕಳೆ ಬರುವುದಿಲ್ಲ" ಅಂದರು. ನಾನು ಕೂರಿ ಅನ್ನಲಿಲ್ಲ, ಕಾಫಿ ಕೊಡಿಸಲಿಲ್ಲ. ಇನ್ನೊಂದು ಸಲ ಚರ್ಚೆ ಗಿರ್ಚೆ ಅಂತ ಗೇಟು ದಾಟಿದರೆ ನಾಯಿ ಬಿಡುತ್ತೇನೆ ಅಂದೆ. ನಮ್ಮ ನಾಯಿ ಸತ್ತು ಒಂದು ವರ್ಷವಾಯಿತು, ಅವರಿಗೂ ಅದು ಗೊತ್ತು. ಪಾಪ, ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಹೋದರು.

ಅವರದೇನೂ ತಪ್ಪಿಲ್ಲ. ತಪ್ಪು ನನ್ನ ನಾಲಿಗೆಯದು, ಅದಕ್ಕೆ ಹುಟ್ಟಿನಿಂದಲೂ ಲಗಾಮಿಲ್ಲ. ಎರಡು ವರ್ಷದ ಹಿಂದೆ ಅದೇ ವಾಚನಾಲಯದಲ್ಲಿ, ಅದೇ ಮೇಷ್ಟ್ರ ಎದುರಿನಲ್ಲಿ ನಾನೊಂದು ಚರ್ಚೆ ಗೆದ್ದೆ. ಗೆದ್ದು ಏನಾಯಿತು ಎಂದು ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಕಡೆಯ ಕೋವಿಯ ವಿಷಯ ಹೇಳಬೇಕು.

ನಮ್ಮಲ್ಲಿ ಕೋವಿಯೇ ಟಪಾಲು. ಒಂದು ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಸಾವಾದರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಶಬ್ದ ಕೇಳಿದ ಕೂಡಲೇ ಗದ್ದೆಯಲ್ಲಿ ಬಗ್ಗಿದವನು, ಏಣಿಯ ಮೇಲೆ ಮೆಣಸು ಕೀಳುವವನು, ಎಲ್ಲರೂ ಕೈ ನಿಲ್ಲಿಸಿ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಒಂದಕ್ಕೇ ನಿಂತರೆ ನಗು, ಎರಡಾದರೆ ಕತ್ತಿ ಅಲ್ಲೇ ಇಟ್ಟು ಆ ಮನೆ ಕಡೆ ಹೊರಡುವುದು. ಹೆಣ್ಣು ಹುಟ್ಟಿದರೆ ಗುಂಡಿಲ್ಲ. ಯಾಕಿಲ್ಲ ಎಂದು ನನ್ನ ತಂಗಿ ಯಮುನ ಆರು ವರ್ಷದವಳಿದ್ದಾಗ ಅಪ್ಪನ ಹತ್ತಿರ ಜಗಳ ತೆಗೆದು ಒಂದು ಹೊತ್ತು ಊಟ ಬಿಟ್ಟಿದ್ದಳು.

ಯಮುನ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನಾನು ಮಿಲಿಟರಿ ಸೇರಿದ್ದೆ, ಯುದ್ಧದಲ್ಲಿ ಸಿಂಗಪುರ ಬಿದ್ದಾಗ ಜಪಾನಿಯರ ಕೈಗೆ ಸಿಕ್ಕಿದೆ. ಒಂದೂವರೆ ವರ್ಷ ಮನೆಗೆ ನನ್ನ ಸುದ್ದಿಯಿಲ್ಲ. ಕೊನೆಗೆ ಬಂದ ಕಾಗದದಲ್ಲಿ ಪತ್ತೆಯಿಲ್ಲ, ಸತ್ತಿರಬಹುದು ಎಂದು ಬರೆದಿತ್ತಂತೆ. ಹಿರಿಯರು ಕೂತು, ಇದು ಸಾವೇ, ಎರಡು ಗುಂಡು ಹೊಡೆದು ಕ್ರಿಯೆ ಮುಗಿಸಿಬಿಡೋಣ ಎಂದು ತೀರ್ಮಾನಿಸಿದರು. ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ ಕೋವಿಯಿಲ್ಲ. ಹದಿನಾಲ್ಕು ವರ್ಷದ ಆ ಹುಡುಗಿ ಅದನ್ನು ಪತ್ತಾಯದ ಭತ್ತದೊಳಗೆ ಹೂತು, ಮುಚ್ಚಳದ ಮೇಲೆ ಕಾಲು ಮಡಚಿ ಕೂತುಬಿಟ್ಟಿದ್ದಳು. "ಹೆಣ ಕಾಣದೆ ಗುಂಡು ಹೊಡೆದರೆ ಅಣ್ಣ ಅಲ್ಲಿ ನಿಜವಾಗಿ ಸಾಯ್ತಾನೆ" ಅಂದಳಂತೆ. ಅಪ್ಪ ಬೈದರು, ಅವ್ವ ಅತ್ತಳು. ಇವಳು ಇಳಿಯಲಿಲ್ಲ. ಹಾಗಾಗಿ ನನ್ನ ಹೆಸರಿಗೆ ಗುಂಡು ಬೀಳಲಿಲ್ಲ.

ನಾನು ಬದುಕಿ ಬಂದದ್ದು ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇತ್ತು. ನಲವತ್ತೈದರ ಆಗಸ್ಟಿನಲ್ಲಿ ನಮ್ಮ ಕ್ಯಾಂಪಿನ ಹಿಂದೆ ನಮ್ಮ ಕೈಯಲ್ಲೇ ಒಂದು ಉದ್ದನೆಯ ಹೊಂಡ ತೋಡಿಸುತ್ತಿದ್ದರು. ಯಾತಕ್ಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳುವುದೇನಿತ್ತು, ಅದರ ಅಗಲ ಒಬ್ಬ ಮನುಷ್ಯ ಮಲಗುವಷ್ಟೇ ಇತ್ತು. ಹೊಂಡ ಸೊಂಟದ ಆಳಕ್ಕೆ ಬಂದ ಒಂದು ಬೆಳಿಗ್ಗೆ ಕಾವಲಿನವರು ಬಂದು ಗುದ್ದಲಿಗಳನ್ನು ವಾಪಸು ಎಣಿಸಿ ತೆಗೆದುಕೊಂಡರು. ಜಪಾನಿನ ಎರಡು ಊರಿನ ಮೇಲೆ ಎಂಥದೋ ಬಾಂಬು ಬಿದ್ದು ಯುದ್ಧ ನಿಂತಿತು ಎಂದು ಆಮೇಲೆ ತಿಳಿಯಿತು. ಆ ಬಾಂಬನ್ನು ಹಾಕಿದವರು ಯಾರಾದರೂ ಆಗಲಿ, ನನ್ನ ಪಾಲಿಗೆ ಅದು ದೇವರು ಹಾಕಿದ್ದು. ಊರಿಗೆ ಬಂದ ಮೇಲೆ ಹೋದಲ್ಲಿ ಬಂದಲ್ಲಿ ಹಾಗೇ ಹೇಳಿದೆ.

ಇನ್ನು ದೇರಪ್ಪ. ಅವನೂ ಮಿಲಿಟರಿಯವನೇ, ಲಾರಿ ಡ್ರೈವರ್. ಯುದ್ಧ ಮುಗಿದ ಮೇಲೆ ಜಪಾನನ್ನು ಕಾಯಲು ಹೋದ ನಮ್ಮವರ ಪಡೆಯಲ್ಲಿದ್ದ. ಬಂದರಿನಿಂದ ಸಾಮಾನು ಹೇರಿಕೊಂಡು ಆ ಹಿರೋಶಿಮಾ ಊರಿನ ಮೇಲೆಯೇ ಎಷ್ಟೋ ಸಲ ಹೋಗಿ ಬಂದವನು. ನಮ್ಮ ಮನೆಯ ಎದುರಿಗೆ ಗದ್ದೆ, ಗದ್ದೆಯಾಚೆ ಗುಡ್ಡದ ಏರಿಯ ಮೇಲೆ ಅವನ ಮನೆ. ಒಳ್ಳೆ ಹುಡುಗ, ಕುಡಿತವಿಲ್ಲ, ಜೋರು ಮಾತಿಲ್ಲ. ನಾನೇ ಮುಂದೆ ನಿಂತು ಯಮುನಳನ್ನು ಅವನಿಗೆ ಕೊಡಿಸಿದೆ. ಅವನಲ್ಲಿ ನನಗೆ ಕಿರಿಕಿರಿಯಾಗುತ್ತಿದ್ದದ್ದು ಒಂದೇ, ಜಪಾನಿನಿಂದ ಬಂದ ಮೇಲೆ ಅವನು ಕೋವಿ ಮುಟ್ಟುತ್ತಿರಲಿಲ್ಲ. ಅವನಪ್ಪನ ಜೋಡುನಳಿಗೆ ಕೋವಿ ಗೋಡೆಯಲ್ಲಿ ತುಕ್ಕು ಹಿಡಿಯುತ್ತಿತ್ತು. "ಎಣ್ಣೆಯಾದರೂ ಹಾಕು ಮಾರಾಯ, ಹಬ್ಬಕ್ಕೆ ಪೂಜೆಗಿಡುವ ವಸ್ತು" ಎಂದು ಎಷ್ಟು ಸಲ ಹೇಳಿದ್ದೇನೋ. "ಹಾಕುವ ಬಾವ" ಅನ್ನುವನು, ಹಾಕುವವನಲ್ಲ.

ಮದುವೆಯಾಗಿ ಐದು ವರ್ಷದಲ್ಲಿ ಯಮುನಳಿಗೆ ಎರಡು ಸಲ ಬಸಿರು ಇಳಿದುಹೋಯಿತು. ಮೂರನೆಯದು ನಿಂತಿದೆ ಎಂದು ಗೊತ್ತಾದದ್ದು ಐವತ್ತನಾಲ್ಕರ ಏಪ್ರಿಲಿನಲ್ಲಿ. ಹಿಂದಿನ ತಿಂಗಳು ಅಮೆರಿಕದವರು ಸಮುದ್ರದಲ್ಲಿ ಇನ್ನೂ ದೊಡ್ಡ ಬಾಂಬು ಸಿಡಿಸಿದ್ದು, ಅದರ ಬೂದಿ ಜಪಾನಿನ ಮೀನುಗಾರರ ಮೈಮೇಲೆ ಬಿದ್ದದ್ದು ಪತ್ರಿಕೆಯಲ್ಲಿ ದಿನಾ ಬರುತ್ತಿತ್ತು. ನಾಣಯ್ಯ ಮೇಷ್ಟ್ರಿಗೆ ಹುರುಪು ಬಂತು. ಗಂಗಣ್ಣನ ಅಂಗಡಿಯ ಮಹಡಿಯಲ್ಲಿದ್ದ ವಾಚನಾಲಯದಲ್ಲಿ ಚರ್ಚೆ ಗೊತ್ತುಮಾಡಿದರು: ಜಪಾನಿನ ಮೇಲೆ ಅಣುಬಾಂಬು ಹಾಕಿದ್ದು ನ್ಯಾಯವೋ ಅನ್ಯಾಯವೋ. ನ್ಯಾಯ ಎನ್ನುವವರು ಒಂದು ಕಾಫಿ ಬೀಜ, ಅನ್ಯಾಯ ಎನ್ನುವವರು ಒಂದು ಒಳ್ಳೆಮೆಣಸಿನ ಕಾಳು ಗಂಗಣ್ಣನ ಸೇರಿನಲ್ಲಿ ಹಾಕಬೇಕು. ಗೆದ್ದವರಿಗೆ ಒಂದು ಫ್ಲಾಸ್ಕ್.

ಅವತ್ತು ಮಹಡಿ ಬಿರಿಯುವಷ್ಟು ಜನ. ನ್ಯಾಯ ಎಂದು ನಾನು ಮಾತಾಡಿದೆ. ಹೊಂಡದ ಕತೆ ಹೇಳಿದೆ. ಸೊಂಟಕ್ಕೆ ಬೆಲ್ಟು ನಿಲ್ಲದೆ ಬಳ್ಳಿ ಕಟ್ಟಿಕೊಂಡಿದ್ದೆ, ಸಾಲಿನಲ್ಲಿ ನನ್ನ ಮುಂದೆ ನಿಂತವನು ನಿಂತಲ್ಲೇ ಸತ್ತ, ಬಾಂಬು ಇನ್ನು ಹತ್ತು ದಿನ ತಡವಾಗಿದ್ದರೆ ನನ್ನ ಎಲುಬು ಅಲ್ಲೇ ಇರುತ್ತಿತ್ತು ಅಂದೆ. ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ಹೊಡೆದರು. ಅನ್ಯಾಯದ ಪಕ್ಷಕ್ಕೆ ಯಾರೂ ಸಿಗದೆ ಮೇಷ್ಟ್ರೇ ನಿಂತು ಪತ್ರಿಕೆ ಕತ್ತರಿಸಿದ ಚೂರುಗಳನ್ನು ಓದಿದರು. ಯಾರೂ ಕೇಳಲಿಲ್ಲ. ಗೆದ್ದೆ ಎಂದುಕೊಂಡೆ.

ಆಗ ಹಿಂದಿನ ಬೆಂಚಿನಿಂದ ದೇರಪ್ಪ ಎದ್ದ. ಅವನು ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ನಾನು ನೋಡಿದ್ದೇನೆ. ಅಷ್ಟೇ ಹೇಳ್ತೇನೆ" ಅಂದ. "ಊರು ಅಂತ ಇರಲಿಲ್ಲ. ನದಿ ಇತ್ತು, ಸೇತುವೆ ಇತ್ತು, ಖಾಲಿ ಬಯಲಿನ ಮಧ್ಯೆ ಟ್ರ್ಯಾಮ್ ಓಡ್ತಿತ್ತು. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಒಬ್ಬಳು ಮುದುಕಿ ಆ ಬೂದಿಯಲ್ಲೇ ಮೂಲಂಗಿ ಬೆಳೆಸಿ ರಸ್ತೆ ಬದಿ ಮಾರ್ತಿದ್ದಳು. ನಾನು ಲಾರಿ ನಿಲ್ಲಿಸಿ ತಗೊಳ್ತಿದ್ದೆ. ಅವಳ ಮೊಮ್ಮಗುವಿಗೆ ಬಿಸ್ಕೆಟು ಕೊಟ್ಟರೆ ಅದು ಎರಡು ಮೊಣಕೈ ಸೇರಿಸಿ ಹಿಡ್ಕೊಳ್ತಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ ಹೋಗಿದ್ದವು. ನಾಲ್ಕು ವರ್ಷ ಇರಬಹುದು. ಬಾವ ಬದುಕಿ ಬಂದದ್ದು ನಂಗೆ ಸಂತೋಷವೇ. ಆದರೆ ಆ ಮಗು ಏನು ಮಾಡಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ."

ಗಂಗಣ್ಣ ಕೈಯಲ್ಲಿದ್ದ ಕಾಫಿ ಬೀಜವನ್ನು ಮೆಲ್ಲಗೆ ಜೇಬಿಗೆ ಹಾಕಿ ಮೆಣಸಿನ ಕಡೆ ಕೈ ಚಾಚಿದ್ದು ನನಗೆ ಕಂಡಿತು. ಅಷ್ಟೇ, ನನ್ನ ಪಿತ್ತ ನೆತ್ತಿಗೇರಿತು. ನಾಲ್ಕು ವರ್ಷ ನರಕ ಉಂಡವನು ನಾನು, ಮೂಲಂಗಿ ತಿಂದು ಬಂದವನು ಇವನು, ಗೆಲ್ಲುವುದು ಇವನಾ ಎಂದು ಹೊಟ್ಟೆ ಉರಿಯಿತು. ಸುಳ್ಳೇಕೆ, ಉರಿಯಿತು.

ಎದ್ದು ನಿಂತು ಕೋರ್ಟಿನಲ್ಲಿ ವಕೀಲ ಕೇಳುವ ಹಾಗೆ ಕೇಳಿದೆ. "ಎಷ್ಟು ಸಲ ಹೋಗಿದ್ದೀ ಆ ಊರಿಗೆ?"

"ನೆನಪಿಲ್ಲ. ನಲವತ್ತು ಐವತ್ತು ಸಲ."

"ಅಲ್ಲಿಯ ನೀರು ಕುಡಿದಿದ್ದೀ?"

"ಕುಡಿದಿದ್ದೇನೆ."

"ಆ ಬೂದಿಯ ಮೂಲಂಗಿ ತಿಂದಿದ್ದೀ?"

"ತಿಂದಿದ್ದೇನೆ ಬಾವ."

ನಾನು ಸಭೆಯ ಕಡೆ ತಿರುಗಿದೆ. "ನೋಡಿ. ಆ ಬಾಂಬಿನ ವಿಷ ಮಣ್ಣಿನಲ್ಲಿ ಉಳಿಯುತ್ತೆ, ನೀರಿನಲ್ಲಿ ಉಳಿಯುತ್ತೆ, ಮೈಗೆ ಹತ್ತಿದರೆ ಮಕ್ಕಳು ಮರಿಯನ್ನೂ ಬಿಡುವುದಿಲ್ಲ ಅಂತ ಮೇಷ್ಟ್ರು ಈಗಷ್ಟೇ ಓದಿದರಲ್ಲ. ಈ ದೇರಪ್ಪ ಅದನ್ನೇ ಕುಡಿದು, ಅದನ್ನೇ ತಿಂದು ಬಂದವನು. ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ. ಇವನಿಗೇನಾಗಿದೆ? ಪತ್ರಿಕೆಯವರಿಗೆ ಹೊಟ್ಟೆಪಾಡು, ಬರೀತಾರೆ."

ಜನ ಹೋ ಎಂದು ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ಮೆಟ್ಟಿಲ ಹತ್ತಿರದಿಂದ ಯಾರೋ ಅಂದರು: "ಹಾಗಾದರೆ ಎರಡು ಬಸಿರು ಯಾಕೆ ಹೋಯ್ತು?"

ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಅವನ ಹಲ್ಲು ಉದುರಿಸುತ್ತಿದ್ದೆ. ದೇರಪ್ಪ ಆ ಕಡೆ ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಕೂತ. ಮೇಷ್ಟ್ರು ಗಡಿಬಿಡಿಯಲ್ಲಿ ಸೇರು ತಿರುಗಿಸಿದರು. ಮೂವತ್ತೊಂದು ಕಾಫಿ ಬೀಜ, ಹದಿನಾಲ್ಕು ಮೆಣಸು. ಫ್ಲಾಸ್ಕ್ ನನಗೆ ಬಂತು.

ಅದನ್ನು ಯಮುನಳಿಗೇ ಕೊಟ್ಟೆ, ಬಸುರಿಗೆ ಬಿಸಿನೀರು ಬೇಕಾಗುತ್ತದೆ ಎಂದು. ಅವಳು ತೆಗೆದುಕೊಂಡು ಗೂಡಿನಲ್ಲಿಟ್ಟಳು. "ಗೆದ್ದೆಯಾ ಅಣ್ಣ?" ಎಂದಳು. ಅಷ್ಟರಲ್ಲೇ ಸುದ್ದಿ ಅವಳ ಕಿವಿಗೆ ಬಿದ್ದಾಗಿತ್ತು.

ಒಂದು ವಾರದಲ್ಲಿ ಊರಿಗೆಲ್ಲ ಹಬ್ಬಿತು. ದೇರಪ್ಪನ ಮೈಯಲ್ಲಿ ಬಾಂಬಿನ ವಿಷ ಉಂಟಂತೆ, ಅವನೇ ಸಭೆಯಲ್ಲಿ ಒಪ್ಪಿಕೊಂಡನಂತೆ. ಹೊಟ್ಟೆಯಲ್ಲಿರುವ ಕೂಸಿಗೆ ಬೆರಳೇ ಇರುವುದಿಲ್ಲವಂತೆ. ಒಂದು ಮದುವೆಮನೆಯಲ್ಲಿ ಯಮುನಳ ಪಕ್ಕ ಊಟಕ್ಕೆ ಕೂತಿದ್ದ ಬಸುರಿಯೊಬ್ಬಳನ್ನು ಅವಳ ಅತ್ತೆ ಎಬ್ಬಿಸಿ ಬೇರೆ ಪಂಕ್ತಿಯಲ್ಲಿ ಕೂರಿಸಿದಳು. ನನ್ನ ಹೆಂಡತಿ ಪ್ರೇಮಾವತಿ ಅಲ್ಲೇ ಇದ್ದಳು. ಯಮುನ ತಲೆಯೆತ್ತದೆ ಬಡಿಸಿದ್ದೆಲ್ಲ ಉಂಡು, ಕೈತೊಳೆದು, ಗದ್ದೆಬದುವಿನ ಮೇಲೆ ಒಬ್ಬಳೇ ಮನೆಗೆ ನಡೆದಳಂತೆ. ಅದೇ ಕೊನೆ, ಆಮೇಲೆ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ.

ನಾನು ಸುಮ್ಮನಿದ್ದೆನಾ? ಮನೆ ಮನೆಗೆ ಹೋದೆ. ಅಯ್ಯಾ, ಅದು ಚರ್ಚೆಗೆ ಆಡಿದ ಮಾತು, ವಿಷ ಇಲ್ಲ ಎಂದೇ ನಾನು ಹೇಳಿದ್ದು ಅಂದೆ. ಜನ ಕಾಫಿ ಕೊಟ್ಟು, ಹೌದು ಹೌದು ಎಂದು ತಲೆಯಾಡಿಸಿ, ನಾನು ಗೇಟು ದಾಟುವ ಮೊದಲೇ ಒಳಗೆ ಪಿಸುಗುಟ್ಟುತ್ತಿದ್ದರು. ಸ್ವಂತ ಅಣ್ಣನೇ ಇಷ್ಟು ಒದ್ದಾಡುತ್ತಿದ್ದಾನೆ ಅಂದರೆ ಏನೋ ಇದೆ ಎಂದು. ನಾನು ಒರೆಸಿದಷ್ಟೂ ಕಲೆ ದೊಡ್ಡದಾಗುತ್ತಿತ್ತು.

ವಿರಾಜಪೇಟೆಗೆ ಹೋಗಿ ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಕನ್ನಡಕ ತೆಗೆದಿಟ್ಟು ಎಲ್ಲ ಕೇಳಿಸಿಕೊಂಡರು. "ನಿಜ ಹೇಳಬೇಕಾ? ಅದು ನನಗೆ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ. ಬಸಿರು ಇಳಿಯುವುದಕ್ಕೆ ನೂರು ಕಾರಣ. ಜಪಾನ್ ನೋಡದವರ ಹೆಂಡಿರಿಗೂ ಇಳಿಯುತ್ತದೆ. ನೀವು ಒಂದು ಕೆಲಸ ಮಾಡಿ, ಹೆರಿಗೆಗೆ ಎಂಟು ದಿನ ಮೊದಲೇ ಆಕೆಯನ್ನು ಇಲ್ಲಿಗೆ ಕರಕೊಂಡು ಬನ್ನಿ" ಅಂದರು. ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರನ್ನು ಹಿಡಿದು ಜೀಪಿಗೂ ಹೇಳಿಟ್ಟೆ.

ಯಮುನ ಒಪ್ಪಲಿಲ್ಲ. ಕೈಲು ಮುಹೂರ್ತದ ದಿನ, ಕೋವಿ ಪೂಜೆಯ ಹಬ್ಬದಂದು, ಅವಳ ಮನೆಗೆ ಹೋಗಿದ್ದೆ. ಆಗ ಅವಳಿಗೆ ಎಂಟು ತಿಂಗಳು. ನಮ್ಮ ಮನೆಗಾದರೂ ಬಾ, ತವರಲ್ಲಿ ಹೆರಿಗೆಯಾಗಲಿ ಅಂದೆ. ಅದಕ್ಕೂ ತಲೆಯಾಡಿಸಿದಳು.

"ಆಸ್ಪತ್ರೇಲಿ ಎಷ್ಟು ಕಣ್ಣು, ನಿಂಗೆ ಗೊತ್ತುಟ್ಟಾ ಅಣ್ಣ? ದಾರೀಲಿ ಎಷ್ಟು ಕಣ್ಣು? ಕೂಸು ಹೆಂಗಿದ್ದರೂ ಮೊದಲು ನಾನು ನೋಡೊಕು. ಸರಿ ಇದ್ದರೆ ಊರಿಗೆಲ್ಲ ತೋರಿಸುವ. ಸರಿ ಇಲ್ಲದಿದ್ದರೆ ಯಾರಿಗೂ ಇಲ್ಲೆ, ನಿಂಗೂ ಇಲ್ಲೆ."

"ಎಂತ ಮಾತು ಇದು? ಡಾಕ್ಟ್ರು ಏನೂ ಇಲ್ಲ ಅಂದಿದ್ದಾರೆ."

"ಗೊತ್ತಿಲ್ಲ ಅಂದಿದ್ದಾರೆ. ಅತ್ತಿಗೆ ಹೇಳಿದ್ದಾಳೆ" ಅಂದಳು. ಅವಳ ಹತ್ತಿರ ಸುಳ್ಳು ಯಾವತ್ತೂ ನಡೆಯುತ್ತಿರಲಿಲ್ಲ.

ದೇರಪ್ಪನ ಅವ್ವ ಆಗಲೇ ಎಸ್ಟೇಟಿನ ಕೂಲಿ ಲೈನುಗಳಲ್ಲಿದ್ದ ಸೂಲಗಿತ್ತಿ ಸುಬ್ಬಿಯನ್ನು ಕರೆದು, ಕಾವೇರಮ್ಮನ ಮೇಲೆ ಆಣೆ ಹಾಕಿಸಿದ್ದಳು, ಏನು ಹುಟ್ಟಿದರೂ ಹೊರಗೆ ಬಾಯಿ ಬಿಡಬಾರದು ಎಂದು. ನಾನು ಮುದುಕಿಯ ಮೇಲೆ ಹರಿಹಾಯ್ದೆ. ಅವಳು ನನ್ನ ಮುಖವನ್ನೇ ನೋಡಿ, "ಬಾಯಿ ಬಿಟ್ಟವರು ಯಾರು ಮಗ, ನಾನಾ?" ಎಂದು ಕೇಳಿದಳು. ಮಾತಿನ ಮಲ್ಲ ಎಂದು ಊರೆಲ್ಲ ಕರೆಯುವವನು ಅಂಗಳದಲ್ಲಿ ಕಂಬದ ಹಾಗೆ ನಿಂತೆ.

ಜಗಲಿಯಲ್ಲಿ ದೇರಪ್ಪ ಹಬ್ಬದ ಪೂಜೆಗೆ ಕೋವಿಯನ್ನು ಹೂವಿನ ಮುಂದೆ ಒರಗಿಸಿಟ್ಟಿದ್ದ. ನಳಿಗೆ ಕೆಂಪಾಗಿ ತುಕ್ಕು ಬಿಟ್ಟಿತ್ತು, ಪಕ್ಕದಲ್ಲಿದ್ದ ತೋಟಾಗಳು ಮಳೆಗಾಲದ ತಂಡಿಗೆ ಊದಿಕೊಂಡಿದ್ದವು. ನನಗೆ ಬೈಯಲು ಅಷ್ಟಾದರೂ ಸಿಕ್ಕಿತು. "ಕೂಸು ಹುಟ್ಟಿದಾಗ ಇದರಲ್ಲಿ ಗುಂಡು ಹೊಡೀತೀಯಾ? ಒಂದು ನಳಿಗೆ ಹಾರಿದರೆ ಇನ್ನೊಂದು ಹಾರುವುದಿಲ್ಲ." ಅವನು ಎಂದಿನಂತೆ, "ಎಣ್ಣೆ ಹಾಕುವ ಬಾವ" ಅಂದ. ಸಭೆಯ ಆ ಸಂಜೆಯ ವಿಷಯ ಅವನು ಒಂದು ದಿನವೂ ಎತ್ತಲಿಲ್ಲ. ಎತ್ತಿ ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ನಾನು ಹೊರಟಾಗ ಯಮುನ ಬಾಗಿಲವರೆಗೆ ಬಂದು ಕರೆದಳು. ತಿಂಗಳುಗಳ ಮೇಲೆ ಅವಳ ಮುಖದಲ್ಲಿ ಸ್ವಲ್ಪ ನಗು ಕಂಡಿತು.

"ಗಂಡಾದರೆ ಇಲ್ಲಿ ಒಂದು ಗುಂಡು ಹೊಡೆಯುತ್ತಾರೆ. ನೀನೂ ನಮ್ಮ ಮನೆಯಂಗಳದಿಂದ ಒಂದು ಹೊಡಿ ಅಣ್ಣ. ಮಲಗಿದಲ್ಲಿಂದಲೇ ಕೇಳಿಕೊಂಡು, ತವರಿಗೆ ಗೊತ್ತಾತ್ ಅಂತ ತಿಳ್ಕೊಳ್ತೇನೆ."

"ಹೆಣ್ಣಾದರೆ?"

"ಹೆಣ್ಣಾದರೆ ಸುಬ್ಬಿ ಓಡಿ ಬಂದು ಹೇಳ್ತಾಳೆ. ಆಗಲೂ ಹೊಡಿ. ಆ ಜಗಳ ಇನ್ನೂ ಮುಗಿದಿಲ್ಲೆ" ಅಂದಳು.

ಹೊಡೆಯುತ್ತೇನೆ ಎಂದು ಮಾತು ಕೊಟ್ಟೆ.

ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣ ಕಳೆದು ಆರನೆಯ ದಿನ, ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು ಎಂದು ಗೊತ್ತಾಯಿತು. ಪ್ರೇಮಾವತಿ ಗದ್ದೆ ದಾಟಿ ಹೋದಳು. ಅವಳನ್ನೂ ಅಂಗಳದಿಂದಲೇ ವಾಪಸು ಕಳಿಸಿದರು. ಯಾರೂ ಬೇಡ, ಯಮುನಳೇ ಬೇಡ ಅಂದಿದ್ದಾಳೆ ಎಂದು ದೇರಪ್ಪ ಕೈಮುಗಿದನಂತೆ. ಜೀಪು ರಸ್ತೆಯಲ್ಲಿ ನಿಲ್ಲಿಸಿದ್ದೇನೆ, ಏನಾದರೂ ಆದರೆ ಒಂದು ಕೂಗು ಹಾಕಿ ಎಂದು ನಾನು ಬದುವಿನ ಈ ಕಡೆಯಿಂದ ಕೂಗಿ ಹೇಳಿದೆ. ಆಯ್ತು ಎಂದು ಅವನು ಕೈಯೆತ್ತಿ ತೋರಿಸಿದ.

ನನ್ನ ಕೋವಿಗೆ ಹಿಂದಿನ ದಿನವೇ ಎಣ್ಣೆ ಹಾಕಿ ಒರೆಸಿಟ್ಟಿದ್ದೆ. ಒಂದು ತೋಟಾ ತುಂಬಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಗದ್ದೆಯಲ್ಲಿ ಭತ್ತ ಹಾಲು ತುಂಬಿ ನಿಂತಿತ್ತು. ಆಚೆ ಏರಿಯ ಮೇಲೆ ಅವರ ಮನೆಯ ಹಂಚು ಕಾಣುತ್ತಿತ್ತು, ಹೊಗೆ ಕಾಣುತ್ತಿತ್ತು, ಇನ್ನೇನೂ ಕಾಣುತ್ತಿರಲಿಲ್ಲ. ಬೆಳಗಿನ ಗಂಜಿ ಆರಿತು. ಮಧ್ಯಾಹ್ನದ ಊಟ ಬೇಡ ಅಂದೆ. ಯುದ್ಧದ ಕ್ಯಾಂಪಿನಲ್ಲಿ ನಾಲ್ಕು ವರ್ಷ ಕಾದವನಿಗೆ ಆ ಒಂದು ದಿನ ಕಾಯಲು ಆಗಲಿಲ್ಲ. ದೇವರೇ, ಹತ್ತು ಬೆರಳು ಕೊಡು, ಇನ್ನು ಯಾವ ಸಭೆಯಲ್ಲೂ ಬಾಯಿ ಬಿಡುವುದಿಲ್ಲ ಎಂದು ಹರಕೆ ಹೊತ್ತೆ.

ಮೂರು ಗಂಟೆಯ ಹೊತ್ತಿಗೆ ಗುಂಡು ಕೇಳಿತು.

ನಾನು ಎದ್ದು ನಿಂತೆ. ಪ್ರೇಮಾವತಿ ಅಡುಗೆಮನೆಯಿಂದ ಓಡಿ ಬಂದಳು. ಇಬ್ಬರೂ ಕಾದೆವು. ಒಂದು ಉಸಿರು, ಎರಡು ಉಸಿರು, ಹತ್ತು. ಗದ್ದೆಯ ಮೇಲಿಂದ ಎದ್ದ ಕೊಕ್ಕರೆಗಳು ವಾಪಸು ಬಂದು ಕೂತವು. ಇನ್ನೊಂದು ಕೇಳಲಿಲ್ಲ. ಕೆಳಗೆ ಗದ್ದೆಯಲ್ಲಿದ್ದ ಆಳುಗಳು ನನ್ನ ಕಡೆ ತಿರುಗಿ ಕೈಯೆತ್ತಿ ನಕ್ಕರು.

"ಗಂಡು" ಅಂದಳು ಪ್ರೇಮಾವತಿ, ಅಳುತ್ತ. "ನಮ್ಮ ಯಮುನಂಗೆ ಗಂಡು."

ನನಗೆ ಕಣ್ಣು ಮಂಜಾಯಿತು. ಅಂಗಳಕ್ಕೆ ಇಳಿದು ಕೋವಿಯನ್ನು ಆಕಾಶಕ್ಕೆತ್ತಿದೆ. ಕೇಳು ತಂಗಿ, ತವರಿಗೆ ಗೊತ್ತಾಯಿತು ಎಂದು ಗಟ್ಟಿಯಾಗಿ ಹೇಳಿಯೇ ಕುದುರೆ ಎಳೆದೆ. ಆ ಶಬ್ದ ಏರಿಗೆ ಬಡಿದು ತಿರುಗಿ ಬಂತು. ಜಪಾನಿಯರ ಕ್ಯಾಂಪಿನ ಬಾಗಿಲು ತೆಗೆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ನಳಿಗೆಯ ಹೊಗೆ ಇನ್ನೂ ಆರಿರಲಿಲ್ಲ. ಆಚೆ ಮನೆಯಿಂದ ಎರಡನೆಯ ಗುಂಡು ಕೇಳಿತು.

ಗದ್ದೆಯಲ್ಲಿ ನಗುತ್ತಿದ್ದವರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದರು. ನಾನು ಕೋವಿ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಬದುವಿನ ಮೇಲೆ ಓಡಿದೆ, ಎರಡು ಸಲ ಕೆಸರಿಗೆ ಬಿದ್ದೆ. ಏರಿ ಹತ್ತುವಾಗ ಕೂಸು ಹೋಗಿರಬೇಕು, ಕೂಸೇ ಹೋಗಿರಬೇಕು ಎಂದು ಹೇಳಿಕೊಳ್ಳುತ್ತಿದ್ದೆ. ಹುಟ್ಟಿದ ಕೂಡಲೇ ಹೋದ ಕೂಸಿಗೆ ನಮ್ಮಲ್ಲಿ ಗುಂಡು ಹೊಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಾಗೇ ಹೇಳಿಕೊಂಡೆ.

ಅಂಗಳದಲ್ಲಿ ದೇರಪ್ಪ ನಿಂತಿದ್ದ. ಏಳು ವರ್ಷ ಮುಟ್ಟದ ಕೋವಿ ಅವನ ಕೈಯಲ್ಲಿತ್ತು. ಕಾಲ ಬಳಿ ಸಿಡಿಯದೆ ಸತ್ತ ಎರಡು ತೋಟಾಗಳು ಬಿದ್ದಿದ್ದವು. ಮೊದಲನೆಯದು ಹಾರಿದ ಮೇಲೆ ಎರಡನೆಯ ಕುದುರೆ ಎಳೆದರೆ ಬರೀ ಟಕ್ ಅಂದಿದೆ. ತೆಗೆದು ಇನ್ನೊಂದು ಹಾಕಿದ್ದಾನೆ, ಅದೂ ಟಕ್. ಮೂರನೆಯದನ್ನು ತುಂಬುತ್ತಿದ್ದಾಗ ಗದ್ದೆಯಾಚೆಯಿಂದ ನನ್ನ ಗುಂಡು ಅವನಿಗೆ ಕೇಳಿದೆ. ಯಮುನ ನನಗೆ ಹೇಳಿದ್ದು ಅವನಿಗೆ ಗೊತ್ತಿತ್ತು.

"ನಿಮ್ಮ ಗುಂಡು ಕೇಳಿತು ಬಾವ" ಅಂದ.

ಒಳಗೆ ನಡೆದದ್ದನ್ನು ಸುಬ್ಬಿ ಹೇಳಿದಳು, ಕಾವೇರಮ್ಮನ ಆಣೆ ಮುರಿದು, ಎದೆ ಬಡಿದುಕೊಂಡು. ಹೆರಿಗೆ ಸಸೂತ್ರವಾಗಿಯೇ ಆಗಿತ್ತು. ಹೆಣ್ಣು. ಹುಟ್ಟಿದ ಕೂಡಲೇ ಅತ್ತಿತು. ಯಮುನ ಮೊದಲು ಕೇಳಿದ್ದು, "ಬೆರಳು ನೋಡಿ" ಎಂದು. ಕೋಣೆಯಲ್ಲಿ ಮಬ್ಬು. ಸುಬ್ಬಿ ಕೂಸನ್ನು ಎತ್ತಿಕೊಂಡು ಬೆಳಕಿಗೆ ಜಗಲಿಗೆ ತಂದಳು. ದೇರಪ್ಪನ ಅವ್ವ ಹಿಂದೆಯೇ ಬಂದಳು. ಕೈಬೆರಳು ಎಣಿಸಿದರು, ಹತ್ತು. ಕಾಲಿನದು ಹತ್ತು. ನಂಬಿಕೆ ಬರದೆ ಮತ್ತೆ ಎಣಿಸಿದರು. ಕಿವಿ ನೋಡಿದರು, ಬಾಯಿ ಬಿಡಿಸಿ ಅಂಗುಳ ನೋಡಿದರು, ಬೆನ್ನು ತಿರುಗಿಸಿ ನೋಡಿದರು. ದೇರಪ್ಪ ಒಂದೊಂದೇ ಬೆರಳನ್ನು ತನ್ನ ಬೆರಳಿನಿಂದ ಬಿಡಿಸಿ ನೋಡಿ, ಅಂಟಿಲ್ಲ, ಅಂಟಿಲ್ಲ ಎಂದು ಅತ್ತನಂತೆ. ಒಳಗಿಂದ ಯಮುನ, "ಸರಿ ಉಟ್ಟಾ?" ಎಂದು ಒಂದು ಸಲ ಕೇಳಿದ್ದು ಸುಬ್ಬಿಗೆ ನೆನಪು. "ಸರಿ ಉಟ್ಟು ಅಮ್ಮ, ಚಿನ್ನದಂಥ ಕೂಸು" ಎಂದು ಸುಬ್ಬಿ ಜಗಲಿಯಿಂದಲೇ ಹೇಳಿದಳು. ಆಮೇಲೆ ಯಮುನಳ ಸದ್ದು ಕೇಳಲಿಲ್ಲ. ದಣಿದು ಮಲಗಿದ್ದಾಳೆ ಎಂದುಕೊಂಡರು. ಕೂಸನ್ನು ತೋರಿಸಲು ಒಳಗೆ ಹೋದಾಗ ಚಾಪೆಯ ಕೆಳಗಿಂದ ರಕ್ತ ಹರಿದು ಬಾಗಿಲ ಹೊಸ್ತಿಲವರೆಗೆ ಬಂದಿತ್ತು. ದೇರಪ್ಪ ಕೂಗು ಹಾಕಲು ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಅವನವ್ವ ಒಳಗಿಂದ ಬೇಡ ಮಗ, ಮುಗೀತು ಅಂದಳು. ನನ್ನ ಜೀಪು ಇನ್ನೂ ರಸ್ತೆಯಲ್ಲಿಯೇ ನಿಂತಿತ್ತು.

ಗೂಡಿನಲ್ಲಿ ಆ ಫ್ಲಾಸ್ಕ್ ಇತ್ತು, ಸುತ್ತಿದ ಕಾಗದ ಬಿಚ್ಚಿರಲಿಲ್ಲ.

ಡಾಕ್ಟರು ಆಮೇಲೆ ಹೇಳಿದರು, ಹೀಗೆ ರಕ್ತ ಹೋಗುವುದು ಯಾರಿಗಾದರೂ ಆಗಬಹುದು, ಆಸ್ಪತ್ರೆಯಲ್ಲಿದ್ದಿದ್ದರೆ ಉಳಿಸುತ್ತಿದ್ದೆವೇನೋ, ಬಾಂಬಿಗೂ ಇದಕ್ಕೂ ಸಂಬಂಧವಿಲ್ಲ ಎಂದು. ಇದಕ್ಕೆ ಮಾತ್ರ ಅವರು ಗೊತ್ತಿಲ್ಲ ಅನ್ನಲಿಲ್ಲ. ಬಾಂಬಿಗೆ ಸಂಬಂಧವಿಲ್ಲದಿದ್ದರೆ ಯಾವುದಕ್ಕೆ ಸಂಬಂಧ ಎಂದು ನಾನು ಕೇಳಲಿಲ್ಲ.

ಕೂಸಿಗೆ ಈಗ ಎರಡು ವರ್ಷ. ಬದುವಿನ ಮೇಲೆ ಅಪ್ಪನ ಕೈಹಿಡಿದು ನಮ್ಮ ಮನೆಗೆ ಬರುತ್ತದೆ, ನನ್ನ ಮೀಸೆ ಎಳೆಯುತ್ತದೆ. ಊರಿನವರು ಯಾರು ಕಂಡರೂ ಮೊದಲು ಅದರ ಕೈ ಹಿಡಿದು ಬೆರಳು ನೋಡುತ್ತಾರೆ. ನಾನೂ ನೋಡುತ್ತೇನೆ. ದೇರಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ, ಭತ್ತದ ವಿಷಯ, ಮಳೆಯ ವಿಷಯ ಮಾತಾಡುತ್ತಾನೆ. ಅವನು ಕೋವಿಗೆ ಈಗ ಎಣ್ಣೆ ಹಾಕುತ್ತಾನೆ.

ಆ ಬಾಂಬು ನ್ಯಾಯವೋ ಅನ್ಯಾಯವೋ, ನನ್ನನ್ನು ಕೇಳಬೇಡಿ. ಅದು ಬೀಳದಿದ್ದರೆ ನಾನು ಆ ಹೊಂಡದಲ್ಲಿರುತ್ತಿದ್ದೆ. ನಾನು ಹೊಂಡದಲ್ಲಿದ್ದಿದ್ದರೆ ಆ ಸಂಜೆ ಮಹಡಿಯ ಮೇಲೆ ಎದ್ದು ನಿಂತು ಮೂಲಂಗಿಯ ಪ್ರಶ್ನೆ ಕೇಳಲು ಯಾರೂ ಇರುತ್ತಿರಲಿಲ್ಲ, ನನ್ನ ತಂಗಿ ಆಸ್ಪತ್ರೆಯಲ್ಲಿ ಹೆರುತ್ತಿದ್ದಳು. ಪತ್ತಾಯದ ಮೇಲೆ ಕೂತು ನನ್ನ ಸಾವಿನ ಗುಂಡು ತಡೆದವಳು ಅವಳು. ಇದನ್ನು ಮೇಷ್ಟ್ರ ಸೇರಿನಲ್ಲಿ ಯಾವ ಕಾಳು ಹಾಕಿ ಹೇಳಲಿ?

ಮೂರ್ನಾಡಿನಲ್ಲಿ ಕೆಲವರು ಈಗಲೂ ಕೇಳುತ್ತಾರೆ, "ಸಾವಿಗೆ ಎರಡೇ ಅಲ್ಲವಾ ಮೊಣ್ಣಪ್ಪ, ಅವತ್ತು ನಿಮ್ಮ ಕಡೆ ಮೂರು ಕೇಳಿತಲ್ಲ?"

ಸಾವಿಗೆ ಎರಡೇ. ನಡುವಿನದು ನನ್ನದು.